ಪುರುಸೊತ್ತಿಲ್ಲದ ದುಡಿಮೆ, ಮುಂದೆ ಸಾಗದ ಕೆಲಸ: ಸಣ್ಣ ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾನೊಂದು ಸಣ್ಣ ಮುದ್ರಣಾಲಯ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಲೆಟರ್‌ಹೆಡ್, ಕರಪತ್ರಗಳೇ ನಮ್ಮ ಮುಖ್ಯ ಕೆಲಸ. ನನ್ನನ್ನೂ ಸೇರಿಸಿ ಐದು ಜನ ದುಡಿಯುತ್ತೇವೆ. ಬಿಲ್ ಪುಸ್ತಕ ಎಲ್ಲ ಬಗೆಯ ವ್ಯಾಪಾರಕ್ಕೂ ಬೇಕಾದ ವಸ್ತುವಾದ್ದರಿಂದ ದರ್ಜಿಯವರು, ಬೇಕರಿಯವರು, ಮೋಟಾರ್ ರಿವೈಂಡಿಂಗ್ ಮಾಡುವವರು, ಹಾರ್ಡ್‌ವೇರ್ ಅಂಗಡಿಯವರು ಎಲ್ಲರೂ ನಮ್ಮ ಕೌಂಟರಿಗೆ ಬರುತ್ತಾರೆ. ಪ್ರೂಫ್‌ಗೆ, ಅಂದರೆ ಅಚ್ಚಿಗೆ ಮೊದಲು ತಪ್ಪು ನೋಡಲು ಕೊಡುವ ಮಾದರಿ ಪ್ರತಿಗೆ, ಕಾಯುವ ಹೊತ್ತಿನಲ್ಲಿ ಬಹುತೇಕ ಎಲ್ಲರೂ ಒಂದೇ ಸಂಕಟವನ್ನು ಹೇಳಿಕೊಳ್ಳುತ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೂ, ನನ್ನ ಅನುಭವಕ್ಕೆ ಬಂದಷ್ಟು ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇನೆ.

ಬಿಡುವಿಲ್ಲದೆ ದುಡಿಯುವುದಕ್ಕೂ ಫಲ ಸಿಗುವಂತೆ ದುಡಿಯುವುದಕ್ಕೂ ಏನು ವ್ಯತ್ಯಾಸ?

"ಸಾಯಲಿಕ್ಕೂ ಪುರುಸೊತ್ತಿಲ್ಲ" ಎಂದು ನಾವು ಹೇಳುವಾಗ ನಮ್ಮ ಆಯಾಸವನ್ನು ಅಳೆಯುತ್ತಿರುತ್ತೇವೆಯೇ ಹೊರತು ಕೆಲಸವನ್ನಲ್ಲ. ಗಾಣದೆತ್ತಿನಂತೆ ದುಡಿಯುತ್ತಿದ್ದೇನೆ ಎಂಬ ಮಾತನ್ನೂ ಬಹಳ ಜನ ಆಡುತ್ತಾರೆ. ಆದರೆ ಗಾಣದೊಳಗೆ ಶೇಂಗಾವೋ ಕುಸುಬೆಯೋ ಬಿದ್ದಿದ್ದರೆ ಆ ಎತ್ತಿನ ನಡಿಗೆಯಿಂದ ಎಣ್ಣೆ ಬರುತ್ತದೆ, ಬರಿಗಾಣವಾದರೆ ಎತ್ತು ಅಷ್ಟೇ ದಣಿದರೂ ಏನೂ ಬರುವುದಿಲ್ಲ. ಆದ್ದರಿಂದ ಸಂಜೆ ಬಾಗಿಲು ಹಾಕುವ ಮುನ್ನ ನಾನು ಮೂರು ಸಂಗತಿಗಳನ್ನು ಮಾತ್ರ ಬರೆದಿಡುತ್ತೇನೆ: ಇಂದು ಯಾವ ಕೆಲಸ ಪೂರ್ತಿಯಾಗಿ ಅಂಗಡಿಯಿಂದ ಹೊರಗೆ ಹೋಯಿತು, ಅದರಲ್ಲಿ ಎಷ್ಟಕ್ಕೆ ಬಿಲ್ ಆಯಿತು, ಹಣ ಎಷ್ಟು ಬಂತು. ಅರ್ಧ ಮುಗಿದ ಏಳು ಕೆಲಸಗಳು ಮೇಜಿನ ಮೇಲಿದ್ದರೆ ಅವು ಆ ಪಟ್ಟಿಯಲ್ಲಿ ಬರುವುದಿಲ್ಲ. ಈ ಲೆಕ್ಕ ಆರಂಭಿಸಿದ ಮೊದಲ ವಾರ ಎರಡು ದಿನಗಳ ಸಾಲು ಖಾಲಿ ಉಳಿಯಿತು, ಆ ಎರಡೂ ದಿನ ನಾನು ರಾತ್ರಿ ಒಂಬತ್ತರವರೆಗೆ ಅಂಗಡಿಯಲ್ಲಿಯೇ ಇದ್ದೆ.

ನನ್ನ ಸಮಯ ಎಲ್ಲಿ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ?

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಆರು ದಿನ, ಅರ್ಧ ಗಂಟೆಗೊಮ್ಮೆ, ಆಗಷ್ಟೇ ಏನು ಮಾಡಿದಿರೋ ಅದನ್ನು ನಾಲ್ಕು ಪದಗಳಲ್ಲಿ ಬರೆಯಿರಿ. ರಾತ್ರಿ ಕುಳಿತು ನೆನಪಿನಿಂದ ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ನೆನಪು ದೊಡ್ಡ ಕೆಲಸಗಳನ್ನು ಮಾತ್ರ ಇಟ್ಟುಕೊಂಡು ಸಣ್ಣ ಅಡಚಣೆಗಳನ್ನು ಬಿಟ್ಟುಬಿಡುತ್ತದೆ, ನಮ್ಮ ದಿನವನ್ನು ತಿನ್ನುವುದು ಆ ಸಣ್ಣ ಅಡಚಣೆಗಳೇ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಕಂಡ ಪದ "ಆಯ್ತಾ ಎಂದು ಫೋನ್". ಕೆಲಸ ಮುಗಿದಿಲ್ಲವೆಂದು ಗ್ರಾಹಕರು ಫೋನ್ ಮಾಡುತ್ತಿದ್ದರು, ಆ ಫೋನ್‌ಗಳಿಗೆ ಉತ್ತರಿಸುವುದರಲ್ಲಿ ಕೆಲಸ ಇನ್ನಷ್ಟು ತಡವಾಗುತ್ತಿತ್ತು.

ಇದರೊಡನೆ ನಿಮ್ಮ ಒಂದು ಗಂಟೆಯ ಬೆಲೆಯನ್ನೂ ಕಂಡುಕೊಳ್ಳಿ. ಎಲ್ಲ ಖರ್ಚು ಕಳೆದು ತಿಂಗಳಿಗೆ 45,000 ರೂಪಾಯಿ ಉಳಿಯುತ್ತದೆ, 26 ದಿನ, ದಿನಕ್ಕೆ 10 ಗಂಟೆ ದುಡಿಯುತ್ತೀರಿ ಎಂದುಕೊಳ್ಳಿ. 260 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 173 ರೂಪಾಯಿ. ಇಪ್ಪತ್ತು ರೂಪಾಯಿ ಉಳಿಸಲೆಂದು ಮಾಲೀಕರೇ ಬೈಕ್ ಹತ್ತಿ ಮುಕ್ಕಾಲು ಗಂಟೆ ಕಾಗದದ ಅಂಗಡಿ ಸುತ್ತಿ ಬಂದರೆ ಆದದ್ದು ಉಳಿತಾಯವೋ ನಷ್ಟವೋ ಎಂಬುದನ್ನು ಈ ಒಂದು ಸಂಖ್ಯೆ ಹೇಳಿಬಿಡುತ್ತದೆ.

ಹಾಗಾದರೆ ಸಣ್ಣ ಆರ್ಡರ್‌ಗಳನ್ನು ಒಪ್ಪಿಕೊಳ್ಳಲೇಬಾರದೆ?

ಒಪ್ಪಿಕೊಳ್ಳಬೇಕು. ಇಂದು ನೂರು ವಿಸಿಟಿಂಗ್ ಕಾರ್ಡ್ ಮಾಡಿಸಿದವರೇ ನಾಳೆ ಐವತ್ತು ಬಿಲ್ ಪುಸ್ತಕ ಮಾಡಿಸುತ್ತಾರೆ. ತೊಂದರೆ ಇರುವುದು ಆರ್ಡರಿನ ಗಾತ್ರದಲ್ಲಿ ಅಲ್ಲ, ಅದು ತಿನ್ನುವ ಸಮಯಕ್ಕೆ ಮಿತಿ ಇಲ್ಲದಿರುವುದರಲ್ಲಿ. 300 ರೂಪಾಯಿಯ ಕಾರ್ಡಿಗೆ ಎಂಟು ವಿನ್ಯಾಸ ತೋರಿಸಿ, ಬಣ್ಣವನ್ನು ಆರು ಸಲ ಬದಲಿಸಿ, ಕೊನೆಗೆ ಮೊದಲನೆಯದನ್ನೇ ಅಚ್ಚು ಹಾಕಿದ ಉದಾಹರಣೆ ನನ್ನ ನೋಟ್‌ಬುಕ್ಕಿನಲ್ಲಿದೆ. ಈಗ ನಮ್ಮಲ್ಲಿ ಸಿದ್ಧ ವಿನ್ಯಾಸಗಳ ಒಂದು ಫೈಲ್ ಇದೆ, ಅದರಲ್ಲಿ ಆರಿಸಿಕೊಂಡರೆ ಒಂದು ದರ. ಹೊಸದಾಗಿ ಮಾಡಬೇಕಾದರೆ ವಿನ್ಯಾಸದ ಶುಲ್ಕ ಬೇರೆ, ಎರಡು ತಿದ್ದುಪಡಿ ಉಚಿತ. ಈ ನಿಯಮವನ್ನು ಕೌಂಟರಿನ ಮುಂದೆ ಬರೆದು ಅಂಟಿಸಿದ ಮೇಲೆ ಯಾರೂ ಬೇಸರಪಟ್ಟುಕೊಂಡಿಲ್ಲ.

ಒಂದು ಕೆಲಸ ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುವುದೇ ಸರಿಯಲ್ಲವೆ? ಬಂದ ಸರದಿಯಲ್ಲಿ ಮಾಡಿದರೆ ಏನು ತಪ್ಪು?

ಇದು ಇಡೀ ವಿಷಯದ ಜೀವಾಳ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮದು ಒಂದು ಸಲಕ್ಕೆ ಒಂದೇ ಬಣ್ಣ ಅಚ್ಚು ಹಾಕುವ ಆಫ್‌ಸೆಟ್ ಯಂತ್ರ. ಬಣ್ಣ ಬದಲಿಸಬೇಕಾದರೆ ಇಂಕ್ ತೊಟ್ಟಿಯನ್ನು ಖಾಲಿ ಮಾಡಬೇಕು, ರೋಲರ್‌ಗಳನ್ನೆಲ್ಲ ದ್ರಾವಕ ಹಾಕಿ ತೊಳೆಯಬೇಕು, ಬ್ಲಾಂಕೆಟ್ (ಮಸಿಯನ್ನು ಕಾಗದಕ್ಕೆ ಒತ್ತುವ ರಬ್ಬರ್ ಹಾಳೆ) ಒರೆಸಬೇಕು, ಹೊಸ ಬಣ್ಣ ಹಾಕಿ ಹದ ಬರುವವರೆಗೆ ಹತ್ತಾರು ಹಾಳೆಗಳನ್ನು ರದ್ದಿಗೆ ಓಡಿಸಬೇಕು. ಇದಕ್ಕೆ ಇಪ್ಪತ್ತೈದು ನಿಮಿಷವಾದರೂ ಹಿಡಿಯುತ್ತದೆ. ಕಪ್ಪಿನ ನಂತರ ಹಳದಿ ಹಾಕಬೇಕೆಂದರೆ ಎರಡು ಸಲ ತೊಳೆದರೂ ಅಂಚಿನಲ್ಲಿ ಮಸಿಯ ಛಾಯೆ ಉಳಿದುಬಿಡುತ್ತದೆ. ಬಂದ ಸರದಿಯಲ್ಲಿಯೇ ಮಾಡುತ್ತಿದ್ದಾಗ ಬೆಳಿಗ್ಗೆ ಕೆಂಪು ಲಗ್ನಪತ್ರಿಕೆ, ಆಮೇಲೆ ಕಪ್ಪು ಬಿಲ್ ಪುಸ್ತಕ, ಮತ್ತೆ ಕೆಂಪು, ಮಧ್ಯಾಹ್ನ ನೀಲಿ ಲೆಟರ್‌ಹೆಡ್, ಸಂಜೆಗೆ ಮತ್ತೆ ಕಪ್ಪು ಎಂದು ದಿನಕ್ಕೆ ನಾಲ್ಕು ಸಲ ಯಂತ್ರ ತೊಳೆಯುತ್ತಿದ್ದೆವು. ನಾಲ್ಕು ಸಲಕ್ಕೆ 100 ನಿಮಿಷ. ಆ 100 ನಿಮಿಷವೂ ಯಂತ್ರ ನಡೆಸುವವರ ಕೈ ಮಸಿಯಲ್ಲಿ ಅದ್ದಿರುತ್ತಿತ್ತು, ಬೆನ್ನು ಬಗ್ಗಿರುತ್ತಿತ್ತು, ನೋಡಿದವರಿಗೆ ಅಂಗಡಿಯಲ್ಲಿ ಭರ್ಜರಿ ಕೆಲಸ ನಡೆಯುತ್ತಿದೆ ಎಂದೇ ಅನಿಸುತ್ತಿತ್ತು. ಆದರೆ ಒಂದು ಹಾಳೆಯೂ ಹೊರಗೆ ಬರುತ್ತಿರಲಿಲ್ಲ.

ಈಗ ಹಿಂದಿನ ಸಂಜೆಯೇ ಮರುದಿನದ ಕೆಲಸಗಳನ್ನು ಬಣ್ಣದ ಪ್ರಕಾರ ಜೋಡಿಸಿಡುತ್ತೇವೆ. ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ಹೋಗುತ್ತೇವೆ: ಮೊದಲು ಹಳದಿ ಅಥವಾ ಕೇಸರಿ, ನಂತರ ಕೆಂಪು, ನಂತರ ನೀಲಿ, ಕೊನೆಗೆ ಕಪ್ಪು. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಬರುವಾಗ ತೊಳೆಯುವ ಕೆಲಸ ಹಗುರ. ಬಹಳ ದಿನ ಎರಡೇ ಬಣ್ಣಗಳಲ್ಲಿ ಮುಗಿದುಹೋಗುತ್ತದೆ. ಯಂತ್ರವೂ ಅದೇ, ಜನರೂ ಅವರೇ.

ಮಾಲೀಕರ ತಲೆಯೂ ಇಂಥದೇ ಒಂದು ಯಂತ್ರ. ಕೊಟೇಶನ್ ಬರೆಯುವ ತಲೆಯನ್ನು ತೊಳೆದು ಪ್ರೂಫ್ ಓದುವ ತಲೆಯನ್ನಾಗಿ ಮಾಡಿಕೊಳ್ಳಲು ಸಮಯ ಬೇಕು, ಆ ಸಮಯ ಯಾವ ಬಿಲ್‌ನಲ್ಲಿಯೂ ಕಾಣುವುದಿಲ್ಲ. ದರ್ಜಿಯವರು ಒಂದೇ ಬಣ್ಣದ ದಾರದ ಬಟ್ಟೆಗಳನ್ನು ಒಟ್ಟಿಗೆ ಹೊಲಿಯುವುದು, ಬೇಕರಿಯವರು ಒಲೆಯ ಕಾವು ನೋಡಿಕೊಂಡು ಮೊದಲು ಬ್ರೆಡ್, ಕಾವು ಇಳಿದ ಮೇಲೆ ಬಿಸ್ಕತ್ತು ಬೇಯಿಸುವುದು ಇದೇ ತಿಳಿವಳಿಕೆ. ಕೈಕೆಲಸದಲ್ಲಿ ನಮಗೆಲ್ಲ ಗೊತ್ತಿರುವ ಈ ಕ್ರಮವನ್ನು ಫೋನ್, ಲೆಕ್ಕ, ಖರೀದಿ, ವಸೂಲಿಯ ಕೆಲಸಗಳಿಗೆ ಮಾತ್ರ ನಾವು ಅನ್ವಯಿಸುವುದಿಲ್ಲ. ನಾನು ಕೊಟೇಶನ್‌ಗಳನ್ನು ಹನ್ನೆರಡು ಗಂಟೆಗೆ, ವಸೂಲಿಯ ಫೋನ್‌ಗಳನ್ನು ನಾಲ್ಕು ಗಂಟೆಗೆ ಎಂದು ಇಟ್ಟುಕೊಂಡಿದ್ದೇನೆ.

ಫೋನ್ ಮತ್ತು ವಾಟ್ಸ್‌ಆ್ಯಪ್ ಇಡೀ ದಿನವನ್ನು ನುಂಗುತ್ತವೆ. ಉತ್ತರಿಸದಿದ್ದರೆ ಗ್ರಾಹಕರು ಬೇರೆ ಕಡೆ ಹೋಗುವುದಿಲ್ಲವೆ?

ಹೊಸ ಗ್ರಾಹಕರ ಮೊದಲ ಕರೆಗೆ ಬೇಗ ಉತ್ತರಿಸದಿದ್ದರೆ ಹೋಗುತ್ತಾರೆ, ಅದು ನಿಜ. ಆದರೆ ಈಗಾಗಲೇ ಮುಂಗಡ ಕೊಟ್ಟವರು ಒಂದು ಗಂಟೆ ತಡವಾದ ಉತ್ತರಕ್ಕಾಗಿ ಎದ್ದು ಹೋಗುವುದಿಲ್ಲ. ಅವರು ಹೋಗುವುದು ಕೆಲಸ ತಪ್ಪಾದಾಗ.

ಇದನ್ನು ನಾನು ಕಲಿತದ್ದು ಒಂದು ಮಾಘ ಮಾಸದಲ್ಲಿ. ಒಂದು ಕುಟುಂಬದವರು ಮುಹೂರ್ತವನ್ನು ಒಂದು ದಿನ ಮುಂದಕ್ಕೆ ಹಾಕಿ ರಾತ್ರಿ ಒಂಬತ್ತಕ್ಕೆ ಸಂದೇಶ ಕಳಿಸಿದ್ದರು. ಎರಡು ಫೋನ್‌ಗಳ ನಡುವೆ ನಾನೇ ಕುಳಿತು ತಾರೀಖನ್ನು ತಿದ್ದಿದೆ, ವಾರವನ್ನು ತಿದ್ದಲಿಲ್ಲ. 500 ಲಗ್ನಪತ್ರಿಕೆಗಳು ಭಾನುವಾರದ ತಾರೀಖು ಹೊತ್ತು ಶನಿವಾರ ಎಂಬ ಹೆಸರಿನಲ್ಲಿ ಅಚ್ಚಾದವು. ಹುಡುಗಿಯ ತಂದೆ ದೇವರ ಮುಂದೆ ಇಡಲೆಂದು ಮೊದಲ ಪತ್ರಿಕೆಗೆ ಅರಿಶಿನ ಹಚ್ಚುತ್ತಿರುವಾಗ ತಪ್ಪನ್ನು ಕಂಡರು. ಅವರು ಗದರಲಿಲ್ಲ, ಆ ಪತ್ರಿಕೆಯನ್ನು ಕೌಂಟರಿನ ಮೇಲಿಟ್ಟು ಆ ಪದದ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ಹಸಿ ಅರಿಶಿನದ ಬೆರಳಚ್ಚು ಇರುವ ಆ ಪತ್ರಿಕೆ ಇಂದಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ. ರಾತ್ರಿಯೆಲ್ಲ ಕುಳಿತು ನಮ್ಮ ಖರ್ಚಿನಲ್ಲಿ ಮತ್ತೆ 500 ಅಚ್ಚು ಹಾಕಿದೆವು. ಆ ದಿನ ನಾನು ಯಾವ ಫೋನನ್ನೂ ತಪ್ಪಿಸಿರಲಿಲ್ಲ.

ಅಂದಿನಿಂದ ಪ್ರೂಫ್ ಓದುವುದಕ್ಕೆ ಬೆಳಿಗ್ಗೆ ಎಂಟರಿಂದ ಒಂಬತ್ತು ಎಂದು ನಿಗದಿ ಮಾಡಿದ್ದೇವೆ. ಆ ಒಂದು ಗಂಟೆ ನನ್ನ ಫೋನ್ ಡ್ರಾಯರ್‌ನಲ್ಲಿರುತ್ತದೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಗ್ರಾಹಕರು ಕೊಟ್ಟ ಮೂಲವನ್ನು ಹಿಡಿದು ನೋಡುತ್ತಾರೆ. ತಾರೀಖು ಮತ್ತು ವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಾಳೆ ನೋಡುತ್ತೇವೆ, ಮೊಬೈಲ್ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇವೆ. ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಯೂನಿಕೋಡ್ ಪಠ್ಯವನ್ನು (ಮೊಬೈಲ್‌ನಲ್ಲಿ ಬರೆಯುವ ಸಾಮಾನ್ಯ ಕನ್ನಡ) ನಾವು ಅಚ್ಚಿಗೆ ಬಳಸುವ ನುಡಿ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಅರ್ಕಾವತ್ತು ಇರುವ ಪದಗಳನ್ನು ಬೇರೆಯಾಗಿ ಗುರುತು ಮಾಡಿಕೊಳ್ಳುತ್ತೇವೆ. ಗ್ರಾಹಕರಿಂದ ಹೆಬ್ಬೆಟ್ಟಿನ ಚಿತ್ರ ಬಂದರೆ ಒಪ್ಪಿಗೆ ಎಂದು ತೆಗೆದುಕೊಳ್ಳುವುದಿಲ್ಲ, "ಓದಿದ್ದೇನೆ, ಸರಿಯಿದೆ" ಎಂಬ ಬರಹ ಬೇಕು.

ವಾಟ್ಸ್‌ಆ್ಯಪ್ ಬಿಸಿನೆಸ್ ಬಳಸುವವರು ಅದರ ಲೇಬಲ್ ಸೌಲಭ್ಯವನ್ನು ಖಂಡಿತ ಉಪಯೋಗಿಸಿ. "ಪ್ರೂಫ್ ಹೋಗಿದೆ", "ಮುಂಗಡ ಬಂದಿದೆ", "ಸಿದ್ಧವಾಗಿದೆ" ಎಂಬ ಮೂರು ಲೇಬಲ್‌ಗಳು ನನಗೆ ಸಾಕಾಗಿವೆ. ಕೆಲಸ ಒಂದು ಹಂತ ದಾಟಿದ ಕೂಡಲೇ ನಾವೇ ಒಂದು ಸಾಲಿನ ಸಂದೇಶ ಕಳಿಸುತ್ತೇವೆ. "ಆಯ್ತಾ" ಎಂಬ ಫೋನ್‌ಗಳು ಅರ್ಧಕ್ಕಿಂತ ಕಡಿಮೆಯಾದದ್ದು ಇದರಿಂದಲೇ.

ಅಂಗಡಿಗೆ ಬಂದು ಕುಳಿತು ಮಾತನಾಡುವವರನ್ನು ಏನು ಮಾಡಬೇಕು?

ನಮ್ಮ ಊರುಗಳಲ್ಲಿ ವ್ಯಾಪಾರ ನಿಂತಿರುವುದೇ ಮಾತಿನ ಮೇಲೆ. ಕಲ್ಯಾಣ ಮಂಟಪದ ಮ್ಯಾನೇಜರ್ ಚಹಾ ಕುಡಿಯುತ್ತಾ ಮುಂದಿನ ತಿಂಗಳು ಯಾರ ಮನೆಯ ಮದುವೆ ನಿಶ್ಚಯವಾಗಿದೆ ಎಂದು ಹೇಳುವ ಹತ್ತು ನಿಮಿಷ ನನ್ನ ದಿನದ ಅತ್ಯಂತ ಫಲವತ್ತಾದ ಹತ್ತು ನಿಮಿಷವಾಗಿರಬಹುದು. ಬಂದವರನ್ನು ಗಡಿಯಾರ ತೋರಿಸಿ ಕಳಿಸುವ ಸಲಹೆ ನಮಗೆ ಒಗ್ಗುವುದಿಲ್ಲ, ಒಗ್ಗಲೂಬಾರದು ಎಂಬುದು ನನ್ನ ಅಭಿಪ್ರಾಯ. ನಾನು ಮಾಡಿದ್ದು ಇಷ್ಟೇ: ಕುರ್ಚಿಗಳನ್ನು ನನ್ನ ಮೇಜಿನ ಎದುರಿನಿಂದ ತೆಗೆದು ಬಾಗಿಲ ಬಳಿ ಹಾಕಿಸಿದೆ. ಬಿಡುವಾದಾಗ ನಾನೇ ಎದ್ದು ಹೋಗಿ ಅವರ ಜೊತೆ ಕೂರುತ್ತೇನೆ. ಮಾತು ಉಳಿಯಿತು, ಅದರ ಹೊತ್ತನ್ನು ನಿರ್ಧರಿಸುವ ಅಧಿಕಾರ ನನ್ನ ಕೈಗೆ ಬಂತು.

ಬೇರೆಯವರಿಗೆ ವಹಿಸಿದರೆ ಕೆಲಸ ಕೆಡುತ್ತದೆ. ಎಲ್ಲವನ್ನೂ ನಾನೇ ಮಾಡದೆ ಬೇರೆ ದಾರಿ ಇದೆಯೆ?

ಕೆಲಸ ಕೆಡುವುದು ಬಹಳ ಸಲ ಕೆಲಸಗಾರರ ಅಜ್ಞಾನದಿಂದಲ್ಲ, ವಿವರಗಳೆಲ್ಲ ಮಾಲೀಕರ ತಲೆಯಲ್ಲಿಯೇ ಉಳಿದಿರುವುದರಿಂದ. ನಮ್ಮಲ್ಲಿ ಪ್ರತಿ ಕೆಲಸಕ್ಕೂ ಅಂಗೈ ಅಗಲದ ಒಂದು ಜಾಬ್ ಕಾರ್ಡ್ ಇದೆ. ಕಾಗದ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ), ಅಳತೆ, ಬಣ್ಣ, ಪ್ರತಿ ಎಷ್ಟು, ನಂಬರಿಂಗ್ ಎಲ್ಲಿಂದ ಎಲ್ಲಿಯವರೆಗೆ, ರಂಧ್ರ ಬೇಕೋ ಬೇಡವೋ, ಕೊಡುವ ದಿನ ಯಾವುದು ಎಂಬುದು ಅದರಲ್ಲಿರುತ್ತದೆ. ಕಾರ್ಡ್ ಪೂರ್ತಿ ತುಂಬದೆ ಕೆಲಸ ಯಂತ್ರದ ಬಳಿಗೆ ಹೋಗುವುದಿಲ್ಲ. ಇದನ್ನು ತುಂಬಲು ಮೂರು ನಿಮಿಷ ಬೇಕು. ಮೊದಲು ಬೈಂಡಿಂಗ್ ಮಾಡುವವರು ದಿನಕ್ಕೆ ಹದಿನೈದು ಸಲ "ಅಣ್ಣಾ, ಇದಕ್ಕೆ ಯಾವ ರಟ್ಟು?" ಎಂದು ಕರೆಯುತ್ತಿದ್ದರು, ಈಗ ಅವರ ಕಣ್ಣು ಕಾರ್ಡಿನ ಕಡೆ ಹೋಗುತ್ತದೆ. ಆದರೂ ಎರಡು ಕೆಲಸಗಳನ್ನು ನಾನು ಬಿಟ್ಟುಕೊಟ್ಟಿಲ್ಲ: ದರ ಹೇಳುವುದು ಮತ್ತು ಕೊನೆಯ ಪ್ರೂಫ್‌ಗೆ ಸಹಿ ಹಾಕುವುದು.

ಜಿಎಸ್‌ಟಿ ಲೆಕ್ಕದ ದಿನಗಳಲ್ಲಿ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಇದಕ್ಕೇನು ಪರಿಹಾರ?

ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯೊಳಗಿದ್ದರೆ ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ಯೂಆರ್‌ಎಂಪಿ ಯೋಜನೆಯನ್ನು ಆರಿಸಿಕೊಳ್ಳಬಹುದು; ಇದು 2021ರ ಜನವರಿ 1ರಿಂದ ಜಾರಿಯಲ್ಲಿದೆ. ತೆರಿಗೆಯನ್ನು ಮಾತ್ರ ತ್ರೈಮಾಸಿಕದ ಮೊದಲ ಎರಡು ತಿಂಗಳಿಗೆ ಆಯಾ ಮರು ತಿಂಗಳ 25ರೊಳಗೆ ಕಟ್ಟಬೇಕು. ಮಾರಾಟದ ಬಿಲ್‌ಗಳ ವಿವರ ಕೊಡುವ ತ್ರೈಮಾಸಿಕದ ಜಿಎಸ್‌ಟಿಆರ್-1ಕ್ಕೆ ಮರು ತಿಂಗಳ 13ನೇ ತಾರೀಖು, ತೆರಿಗೆಯ ಒಟ್ಟು ಲೆಕ್ಕ ಕೊಡುವ 3ಬಿ ರಿಟರ್ನ್‌ಗೆ ಕರ್ನಾಟಕದವರಿಗೆ 22ನೇ ತಾರೀಖು ಸಾಮಾನ್ಯವಾದ ಕೊನೆಯ ದಿನ. ನಿಮ್ಮಿಂದ ಖರೀದಿಸುವವರು ತೆರಿಗೆ ಜಮೆ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಬೇಕೆನ್ನುವ ವ್ಯಾಪಾರಸ್ಥರಾಗಿದ್ದರೆ ಮೊದಲ ಎರಡು ತಿಂಗಳುಗಳ ಬಿಲ್‌ಗಳನ್ನೂ ಆಯಾ ಮರು ತಿಂಗಳ 13ರೊಳಗೆ ಸೇರಿಸುವ ಅವಕಾಶವಿದೆ, ಅದನ್ನು ಬಿಡಬೇಡಿ. ಗ್ರಾಹಕರೆಲ್ಲ ಸಾಮಾನ್ಯ ಜನರೇ ಆಗಿರುವ ಚಿಲ್ಲರೆ ಅಂಗಡಿಯವರು, ವಹಿವಾಟು 1.5 ಕೋಟಿಯೊಳಗಿದ್ದರೆ, ವಹಿವಾಟಿನ ಮೇಲೆ ಒಂದು ಸಣ್ಣ ನಿಗದಿತ ಪ್ರಮಾಣದ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯ ಬಗ್ಗೆ ತಮ್ಮ ಲೆಕ್ಕಿಗರನ್ನು ಕೇಳಿ ನೋಡುವುದು ಒಳ್ಳೆಯದು.

ಆದರೆ ದಿನಗಳು ಹಾಳಾಗುವುದು ರಿಟರ್ನ್‌ನಿಂದಲ್ಲ, ಬಿಲ್‌ಗಳನ್ನು ಹುಡುಕುವುದರಿಂದ. ಖರೀದಿಯ ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆದು ಲೆಕ್ಕಿಗರಿಗೆ ಕಳಿಸಿ, ಕಾಗದವನ್ನು ಆ ತಿಂಗಳ ಕವರಿಗೆ ಹಾಕಿಬಿಡಿ. ನಮ್ಮಲ್ಲಿ ಹನ್ನೆರಡು ಕವರುಗಳು ಗೋಡೆಯ ಮೊಳೆಗೆ ನೇತಾಡುತ್ತಿವೆ.

ಕೆಲಸ ಮುಗಿಯುತ್ತದೆ, ಬಿಲ್ ಆಗುತ್ತದೆ, ಹಣ ಬರುವುದಿಲ್ಲ. ವಸೂಲಿಗೆ ಅಲೆಯುವುದೂ ಬರಿಯ ಓಡಾಟವೆ?

ಕೈಗೆ ಬಾರದ ಹಣಕ್ಕೆ ಮಾಡಿದ ಕೆಲಸವೆಲ್ಲ ಬರಿಗಾಣ ಸುತ್ತಿದಂತೆ, ಆದ್ದರಿಂದ ವಸೂಲಿ ನಿಜವಾದ ಕೆಲಸ. ನಾಲ್ಕು ಸಲ ಹೋಗಿ ಬರಿಗೈಯಲ್ಲಿ ಬರುವುದು ಮಾತ್ರ ಓಡಾಟ. ಬಿಡಿ ಗ್ರಾಹಕರಿಂದ ಅರ್ಧ ಮುಂಗಡ, ಮಾಲು ಕೊಡುವಾಗ ಉಳಿದರ್ಧ ಎಂಬುದು ನಮ್ಮ ನಿಯಮ. ಸಾಲ ಕೇಳುವ ಕಂಪನಿ, ಸಂಸ್ಥೆಗಳ ವಿಷಯದಲ್ಲಿ ಕಾನೂನು ನಿಮ್ಮ ಬೆಂಬಲಕ್ಕಿದೆ. ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿದ ಅತಿಸಣ್ಣ ಅಥವಾ ಸಣ್ಣ ಉತ್ಪಾದಕರೋ ಸೇವೆ ಒದಗಿಸುವವರೋ ಆಗಿದ್ದರೆ, 2006ರ ಎಂಎಸ್‌ಎಂಇಡಿ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಯುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ ಮಾತ್ರ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ, ಇದಕ್ಕಾಗಿಯೇ ಇರುವ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು. ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ ಎಂಬುದನ್ನು ಗಮನಿಸಿ. ಉದ್ಯಮ್ ನೋಂದಣಿ ಸಂಪೂರ್ಣ ಉಚಿತ, ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡಿ.

ನಾನು ಇಂದಿನವರೆಗೂ ದೂರು ಸಲ್ಲಿಸಿಲ್ಲ. ಆದರೆ ಬಿಲ್ಲಿನ ಅಡಿಯಲ್ಲಿ ಉದ್ಯಮ್ ಸಂಖ್ಯೆಯನ್ನೂ ಹಣ ಕೊಡಬೇಕಾದ ತಾರೀಖನ್ನೂ ಅಚ್ಚು ಹಾಕಿಸಿದ ಮೇಲೆ ಲೆಕ್ಕ ವಿಭಾಗದವರು ನಮ್ಮ ಬಿಲ್ಲನ್ನು ಬೇಗ ಕೈಗೆತ್ತಿಕೊಳ್ಳುತ್ತಿದ್ದಾರೆ.

ತುರ್ತು ಕೆಲಸ ಬಂದಾಗ ಈ ಎಲ್ಲ ಕ್ರಮ ಉಳಿಯುತ್ತದೆಯೆ?

ದಿನಕ್ಕೆ ಒಂದು ತುರ್ತು ಕೆಲಸಕ್ಕೆ ಜಾಗ ಬಿಟ್ಟೇ ನಾವು ದಿನವನ್ನು ಜೋಡಿಸುತ್ತೇವೆ, ಸಾವಿನ ಮನೆಯ ಕೈಲಾಸ ಸಮಾರಾಧನೆಯ ಪತ್ರಿಕೆ ಯಾರನ್ನೂ ಕೇಳಿ ಬರುವುದಿಲ್ಲ. ಆ ಕೆಲಸಕ್ಕೆ ನಾನು ಹೆಚ್ಚಿನ ದರ ತೆಗೆದುಕೊಳ್ಳುವುದಿಲ್ಲ. ಉಳಿದ ತುರ್ತುಗಳಿಗೆ ತುರ್ತಿನ ದರವಿದೆ, ಅದನ್ನು ಕೇಳಿದ ಮೇಲೆ ಅವುಗಳಲ್ಲಿ ಬಹುಪಾಲು ನಾಳೆಗೆ ಸರಿಯುತ್ತವೆ. ಚುನಾವಣೆಯ ಕರಪತ್ರಗಳಲ್ಲಿ ಮಾತ್ರ ಅವಸರ ಸಲ್ಲದು: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು, ಪ್ರಕಾಶಕರಿಂದ ಸಹಿ ಮಾಡಿದ ಘೋಷಣೆ ಪಡೆಯದೆ ಅಚ್ಚು ಹಾಕುವಂತಿಲ್ಲ.

ವಾರಕ್ಕೊಂದು ದಿನ ಬಾಗಿಲು ಹಾಕಿದರೆ ವ್ಯಾಪಾರ ಹೋಗುವುದಿಲ್ಲವೆ?

ಕೆಲಸಗಾರರಿಗೆ ವಾರಕ್ಕೊಂದು ಪೂರ್ಣ ದಿನದ ರಜೆ ಕೊಡಬೇಕೆಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಮಾಲೀಕರಿಗೆ ರಜೆ ಕೊಡುವ ಕಾಯ್ದೆ ಯಾವುದೂ ಇಲ್ಲ, ನಾವೇ ಕೊಟ್ಟುಕೊಳ್ಳಬೇಕು. ಆ ಲಗ್ನಪತ್ರಿಕೆಯಲ್ಲಿ ವಾರದ ಹೆಸರು ತಪ್ಪಿದ್ದು ನನ್ನ ಸತತ ಇಪ್ಪತ್ತಮೂರನೇ ದಿನದ ದುಡಿಮೆಯಲ್ಲಿ.

ಕರೆಂಟ್ ಹೋದಾಗ ಏನು ಮಾಡುತ್ತೀರಿ?

ನಿಗದಿತ ವಿದ್ಯುತ್ ವ್ಯತ್ಯಯದ ಪ್ರಕಟಣೆ ಪತ್ರಿಕೆಯಲ್ಲಿ ಮೊದಲೇ ಬರುತ್ತದೆ. ಮಡಚುವುದು, ಜೋಡಿಸುವುದು, ಅಂಟು ಹಚ್ಚುವುದು, ಕಟ್ಟು ಕಟ್ಟುವುದು ಇವೆಲ್ಲವನ್ನೂ ಆ ಹೊತ್ತಿಗೆಂದೇ ಉಳಿಸಿಕೊಂಡಿರುತ್ತೇವೆ.

ಕೆಲಸವೇ ಇಲ್ಲದ ತಿಂಗಳುಗಳಲ್ಲಿ ಫಲಪ್ರದವಾಗಿರುವುದು ಹೇಗೆ?

ನಮಗೆ ಆಷಾಢ ಮತ್ತು ಪಿತೃಪಕ್ಷ ಬರಿದಾದ ದಿನಗಳು. ಮೊದಲೆಲ್ಲ ಆ ದಿನಗಳಲ್ಲಿ ಕಡಿಮೆ ದರಕ್ಕೆ ಸಿಕ್ಕಿದ್ದೆಲ್ಲವನ್ನೂ ಒಪ್ಪಿಕೊಂಡು ಕೈ ತುಂಬಿಸಿಕೊಳ್ಳುತ್ತಿದ್ದೆ, ಶ್ರಾವಣ ಬರುವಷ್ಟರಲ್ಲಿ ಯಂತ್ರವೂ ನಾವೂ ದಣಿದಿರುತ್ತಿದ್ದೆವು. ಈಗ ಆಷಾಢದ ಮೊದಲ ವಾರ ರೋಲರ್‌ಗಳನ್ನು ಬಿಚ್ಚಿ ಸವೆದದ್ದನ್ನು ಬದಲಿಸುತ್ತೇವೆ. ಎರಡನೆಯ ವಾರ ಕಾಗದದ ರೀಮುಗಳನ್ನು ಎಣಿಸಿ, ವರ್ಷದಿಂದ ಅಲುಗಾಡದೆ ಕುಳಿತ ಕಾಗದದಲ್ಲಿ ಸ್ಕ್ರಿಬ್ಲಿಂಗ್ ಪ್ಯಾಡ್ ಮಾಡಿ ಹಳೆಯ ಗ್ರಾಹಕರಿಗೆ ಕೊಡುತ್ತೇವೆ. ಆಮೇಲೆ ದರಪಟ್ಟಿಯನ್ನು ಹೊಸದಾಗಿ ಬರೆಯುತ್ತೇನೆ. ಕಾಗದ, ಪ್ಲೇಟ್, ಕೂಲಿಯ ಇಂದಿನ ಬೆಲೆಯನ್ನು ಒಂದೊಂದಾಗಿ ಹಾಕಿ ಲೆಕ್ಕ ಮಾಡಲು ಎರಡು ದಿನ ಬೇಕಾಗುತ್ತದೆ. ಮದುವೆ ಕಾಲದಲ್ಲಿ ಅಷ್ಟು ಹೊತ್ತು ಕುಳಿತುಕೊಳ್ಳಲು ಸಾಧ್ಯವಿಲ್ಲ. ಕಳೆದ ಸಲ ಹೀಗೆ ಕುಳಿತಾಗ, ನಾವು ಅತಿ ಹೆಚ್ಚು ಮಾಡುತ್ತಿದ್ದ ನಾಲ್ಕನೇ ಒಂದು ಅಳತೆಯ ಬಿಲ್ ಪುಸ್ತಕಕ್ಕೆ ಎರಡು ವರ್ಷಗಳಿಂದ ಪುಸ್ತಕವೊಂದಕ್ಕೆ ನಾಲ್ಕು ರೂಪಾಯಿ ಕಡಿಮೆ ತೆಗೆದುಕೊಳ್ಳುತ್ತಿದ್ದೆವೆಂದು ಗೊತ್ತಾಯಿತು.